ನೋವು ಹೋಯಿತು, ಮೂಳೆ ಇನ್ನೂ ಕೂಡಿಲ್ಲ

ಕಾಲರ್ ಬೋನ್ ಮುರಿದುಕೊಂಡು ಬಂದ ಸೈಕಲ್ ಸವಾರರು ಎಕ್ಸ್-ರೇ ಕೈಗೆ ಸಿಗುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: 'ಮತ್ತೆ ಸೈಕಲ್ ಹತ್ತೋದು ಯಾವಾಗ ಡಾಕ್ಟ್ರೇ?' ಡಾಕ್ಟರು ಆರು ವಾರ ಅಂತಲೋ ಎರಡು ಮೂರು ತಿಂಗಳು ಅಂತಲೋ ಒಂದು ಅಂದಾಜು ಹೇಳಿ ಕಳಿಸುತ್ತಾರೆ. ನಾಲ್ಕನೇ ವಾರದ ಹೊತ್ತಿಗೆ ನೋವು ಬಹುಪಾಲು ಇಳಿದಿರುತ್ತದೆ. ಕೈ ಅಲ್ಲಾಡಿಸಲು ಬರುತ್ತದೆ, ಸ್ಲಿಂಗ್ ಸಾಕುಸಾಕಾಗಿರುತ್ತದೆ, ಹಜಾರದ ಮೂಲೆಯಲ್ಲಿ ನಿಲ್ಲಿಸಿದ ಸೈಕಲ್ ಹೋಗುತ್ತಾ ಬರುತ್ತಾ ಕಣ್ಣಿಗೆ ಬೀಳುತ್ತಿರುತ್ತದೆ. ಈ ವಾರದ ಅಂಕಣ ಆ ನಾಲ್ಕನೇ ವಾರದವರಿಗಾಗಿ. ನೋವು ಹೋಗುವುದಕ್ಕೂ ಮೂಳೆ ಗಟ್ಟಿಯಾಗುವುದಕ್ಕೂ ನಡುವೆ ಹಲವು ವಾರಗಳ ಅಂತರವಿದೆ. ಎರಡನೇ ಸಲ ಮುರಿದುಕೊಳ್ಳುವವರು, ಹೆಗಲು ಬಿಗಿಸಿಕೊಂಡು ವರ್ಷಗಟ್ಟಲೆ ಒದ್ದಾಡುವವರು ಹೆಚ್ಚಾಗಿ ಎಡವುವುದು ಆ ಅಂತರದಲ್ಲೇ.

ಈ ಎಚ್ಚರಿಕೆ ಬಹಳ ಹಳೆಯದು. ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಉಳಿದುಬಂದಿರುವ, ಕೀಲುಗಳನ್ನು ಕುರಿತ ಪ್ರಾಚೀನ ಗ್ರೀಕ್ ವೈದ್ಯಗ್ರಂಥದಲ್ಲಿ ಈ ಮುರಿತದ ಬಗ್ಗೆ ವಿವರವಾಗಿಯೇ ಬರೆದಿದೆ. ಮುರಿದ ಹೊಸದರಲ್ಲಿ ಜನ ಗಾಬರಿಯಾಗಿ ವೈದ್ಯ ಹೇಳಿದ್ದನ್ನೆಲ್ಲ ಮಾಡುತ್ತಾರಂತೆ. ದಿನ ಕಳೆದು ನೋವು ಇಳಿದ ಮೇಲೆ, ನಡೆಯಲು ಉಣ್ಣಲು ಏನೂ ಅಡ್ಡಿಯಿಲ್ಲ ಎಂದು ಕಂಡ ಮೇಲೆ, ಉದಾಸೀನ ಮಾಡುತ್ತಾರಂತೆ. ಬರೆದ ವೈದ್ಯ ತನ್ನ ರೋಗಿಗಳನ್ನು ಎಷ್ಟು ಹತ್ತಿರದಿಂದ ನೋಡಿದ್ದನೋ! ಕಟ್ಟುವ ಪಟ್ಟಿ ಬದಲಾಗಿದೆ, ಎಕ್ಸ್-ರೇ ಬಂದಿದೆ, ಟೈಟೇನಿಯಂ ಪ್ಲೇಟು ಬಂದಿದೆ. ನಾಲ್ಕನೇ ವಾರದ ಮನುಷ್ಯ ಮಾತ್ರ ಅವನೇ.

ಕತ್ತಿನ ಬುಡದಲ್ಲಿ, ಎದೆಯ ನಡುಮೂಳೆಯಿಂದ ಹೊರಟು ಹೆಗಲ ತುದಿಯವರೆಗೆ ಅಡ್ಡಲಾಗಿ ಹಾಯುವ ಮೂಳೆ ಇದು. ಮೇಲೆ ತೆಳ್ಳನೆಯ ಚರ್ಮ ಬಿಟ್ಟರೆ ಬೇರೇನೂ ಇಲ್ಲದ್ದರಿಂದ ಬೆರಳಿಟ್ಟರೆ ಉದ್ದಕ್ಕೂ ಕೈಗೆ ಸಿಗುತ್ತದೆ. ತಾಯಿಯ ಹೊಟ್ಟೆಯಲ್ಲಿ ಐದಾರನೇ ವಾರಕ್ಕೇ ಗಟ್ಟಿಯಾಗಲು ಶುರುವಾಗುವ ಮೊದಲ ಮೂಳೆ ಇದು. ಎದೆಯ ಕಡೆಯ ಇದರ ತುದಿ ಪೂರ್ತಿ ಕೂಡಿಕೊಳ್ಳುವುದು ಇಪ್ಪತ್ತರ ಹರೆಯ ಮುಗಿಯುತ್ತ ಬಂದಾಗ. ಬೆನ್ನ ಮೇಲಿನ ಹೆಗಲಹಲಗೆಯನ್ನು ಪಕ್ಕೆಲುಬಿನ ಮೇಲೆ ಹಿಡಿದಿಟ್ಟಿರುವುದು ಬರೀ ಸ್ನಾಯುಗಳು. ಮೂಳೆಯಿಂದ ಮೂಳೆಗೆ ಎಂಬ ಲೆಕ್ಕದಲ್ಲಿ ನೋಡಿದರೆ ಇಡೀ ತೋಳಿಗೂ ಮುಂಡಕ್ಕೂ ಇರುವ ಕೊಂಡಿ ಇದೊಂದೇ. ಗೊನೆ ಹೊತ್ತು ವಾಲಿದ ಬಾಳೆಗಿಡಕ್ಕೆ ಆನಿಸಿದ ಕವೆಗೋಲಿನಂತೆ ಅದು ಹೆಗಲನ್ನು ಎದೆಯಿಂದ ದೂರಕ್ಕೆ, ಮೇಲಕ್ಕೆ ಹಿಡಿದಿರುತ್ತದೆ. ಅದು ಮುರಿದರೆ ಹೆಗಲು ಕೆಳಗೂ ಒಳಗೂ ಕುಸಿಯುತ್ತದೆ. ತೋಳಿನ ಭಾರ ಹೊರಗಿನ ತುಂಡನ್ನು ಕೆಳಕ್ಕೆಳೆದರೆ ಕತ್ತಿನ ಸ್ನಾಯು ಒಳಗಿನ ತುಂಡನ್ನು ಮೇಲಕ್ಕೆಳೆಯುತ್ತದೆ. ಎರಡು ತುದಿಗಳೂ ಒಂದರ ಮೇಲೊಂದು ಹತ್ತಿ ಕೂರುವುದು ಹೀಗೆ.

ಸೈಕಲ್ಲಿನಿಂದ ಬಿದ್ದವರ ಕಾಲರ್ ಬೋನೇ ಯಾಕೆ ಇಷ್ಟು ಮುರಿಯುತ್ತದೆ? ನೆಲಕ್ಕೆ ಅಂಗೈ ಊರಿದ್ದರಿಂದ ಮುರಿಯಿತು ಎಂದು ಹಲವರು ತಿಳಿಯುತ್ತಾರೆ. ಬಹುಪಾಲು ಮುರಿತಗಳು ಹೆಗಲೇ ನೇರವಾಗಿ ನೆಲಕ್ಕೆ ಬಡಿದು ಆಗುವಂಥವು. ಮಳೆನೀರು ತುಂಬಿದ ಗುಂಡಿಗೆ ಮುಂದಿನ ಗಾಲಿ ಇಳಿದು ನಿಲ್ಲುತ್ತದೆ, ಅಥವಾ ನಾಯಿ ಅಡ್ಡ ಬಂದಾಗ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಂಡುತ್ತೇವೆ. ಸೈಕಲ್ ನಿಂತರೂ ಮೈ ನಿಲ್ಲುವುದಿಲ್ಲ. ಕೈಗಳು ಹ್ಯಾಂಡಲ್ ಬಿಡುವಷ್ಟು ಹೊತ್ತೂ ಸಿಗುವುದಿಲ್ಲ, ಹೆಗಲು ಮೊದಲು ನೆಲ ಮುಟ್ಟುತ್ತದೆ. ಆ ಪೆಟ್ಟು ಮೂಳೆಯ ಉದ್ದಕ್ಕೂ ಹಾಯ್ದು ಅದರ ಎರಡು ಬಾಗುಗಳು ಸೇರುವ, ಎಲ್ಲಕ್ಕಿಂತ ಸಣಕಲಾದ, ಸ್ನಾಯುವಿನ ಹೊದಿಕೆ ಕಡಿಮೆಯಿರುವ ನಡುಭಾಗದಲ್ಲಿ ಬಿಡುಗಡೆಯಾಗುತ್ತದೆ. ದೊಡ್ಡವರ ಕಾಲರ್ ಬೋನ್ ಮುರಿತಗಳಲ್ಲಿ ಸುಮಾರು ಶೇ 80ರಷ್ಟು ಆಗುವುದು ಈ ನಡುಭಾಗದಲ್ಲೇ.

ಬಹುಪಾಲು ಇದು ಜೀವಕ್ಕೆ ಕುತ್ತು ತರುವ ಪೆಟ್ಟಲ್ಲ. ಆದರೆ ಮೂಳೆಯ ಕೆಳಗೇ ತೋಳಿಗೆ ಹೋಗುವ ದೊಡ್ಡ ರಕ್ತನಾಳಗಳಿವೆ, ನರಗಳ ಕಟ್ಟು ಇದೆ, ಅದರಾಚೆಗೆ ಶ್ವಾಸಕೋಶದ ತುದಿ ಇದೆ. ಲಂಡನ್ ಪೊಲೀಸ್ ಪಡೆ ಕಟ್ಟಿದ, ಬ್ರಿಟನ್ನಿನ ಮಾಜಿ ಪ್ರಧಾನಿ ರಾಬರ್ಟ್ ಪೀಲ್ 1850ರ ಜೂನ್ 29ರಂದು ಕುದುರೆಯಿಂದ ಬಿದ್ದು ಕಾಲರ್ ಬೋನ್ ಮುರಿದುಕೊಂಡರು, ಜುಲೈ 2ರಂದು ತೀರಿಕೊಂಡರು. ಮೂಳೆಯ ಚೂರು ಕೆಳಗಿನ ರಕ್ತನಾಳವನ್ನು ಹರಿದಿರಬೇಕು ಎಂಬುದು ವೈದ್ಯರ ಅಭಿಪ್ರಾಯ. ಇಂಥದ್ದು ಬಲು ಅಪರೂಪ. ಆದರೂ ಬಿದ್ದ ಮೇಲೆ ಕೈ ತಣ್ಣಗಾದರೆ, ಬೆರಳು ಜೋಮು ಹಿಡಿದರೆ, ಉಸಿರಾಟಕ್ಕೆ ಕಷ್ಟವಾದರೆ, ಮುರಿದ ತುದಿ ಚರ್ಮವನ್ನು ಒಳಗಿನಿಂದ ಎತ್ತಿ ಬಿಳಿಚಿಸಿದ್ದರೆ, 'ನಾಳೆ ತೋರಿಸೋಣ' ಅನ್ನಬೇಡಿ. ತಲೆಗೆ ಪೆಟ್ಟಾಗಿದೆಯೇ ಎಂದು ನೋಡಿಸಿಕೊಳ್ಳುವುದೂ ಇದರ ಜೊತೆಗೇ ಆಗಬೇಕು. ಹೆಗಲ ನೋವಿನ ಗದ್ದಲದಲ್ಲಿ ಅದು ಎಷ್ಟೋ ಸಲ ಮರೆತೇಹೋಗುತ್ತದೆ.

ಇನ್ನು ಚಿಕಿತ್ಸೆಯ ವಿಚಾರ. ಇಪ್ಪತ್ತನೇ ಶತಮಾನದ ಬಹುಭಾಗ ಡಾಕ್ಟರುಗಳು ಈ ಮೂಳೆಗೆ ಕತ್ತರಿ ಹಾಕಲು ಒಪ್ಪುತ್ತಿರಲಿಲ್ಲ. 1960ರಲ್ಲಿ ಅಮೆರಿಕದ ಮೂಳೆತಜ್ಞ ಚಾರ್ಲ್ಸ್ ನೀರ್ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಪರೇಷನ್ ಇಲ್ಲದೆ ನೋಡಿಕೊಂಡ 2,235 ಮಂದಿಯಲ್ಲಿ ಮೂಳೆ ಕೂಡದೆ ಉಳಿದವರು ಮೂವರು ಮಾತ್ರ. ಆದರೆ ಆ ಲೆಕ್ಕದಲ್ಲಿ ಮಕ್ಕಳು, ಸಣ್ಣ ಬಿರುಕು, ದೊಡ್ಡ ಮುರಿತ ಎಲ್ಲವೂ ಬೆರೆತಿತ್ತು. ತುಂಡುಗಳು ಪೂರ್ತಿ ಸರಿದುಹೋದ ದೊಡ್ಡವರನ್ನಷ್ಟೇ ಬೇರೆ ಮಾಡಿ ನೋಡಿದಾಗ ಚಿತ್ರ ಬೇರೆಯಾಯಿತು. ಕೆನಡಾದ ಮೂಳೆತಜ್ಞರ ತಂಡವೊಂದು 2007ರಲ್ಲಿ ಅಂಥ 132 ಮಂದಿಯ ಮೇಲಿನ ಅಧ್ಯಯನ ಪ್ರಕಟಿಸಿತು. ಒಂದು ಗುಂಪಿಗೆ ಪ್ಲೇಟು ಹಾಕಿದರು, ಇನ್ನೊಂದಕ್ಕೆ ಸ್ಲಿಂಗ್ ಮಾತ್ರ ಕೊಟ್ಟರು. ಎಕ್ಸ್-ರೇಯಲ್ಲಿ ಮೂಳೆ ಕೂಡಿದ್ದು ಕಾಣಿಸಲು ಪ್ಲೇಟು ಹಾಕಿಸಿಕೊಂಡವರಿಗೆ ಸರಾಸರಿ 16.4 ವಾರ ಹಿಡಿಯಿತು, ಸ್ಲಿಂಗಿನವರಿಗೆ 28.4 ವಾರ. ಕೊನೆಯವರೆಗೂ ತಪಾಸಣೆಗೆ ಬಂದವರಲ್ಲಿ ಮೂಳೆ ಕೂಡದವರು ಮೊದಲ ಗುಂಪಿನ 62 ಜನರಲ್ಲಿ ಇಬ್ಬರು, ಎರಡನೆಯದರ 49 ಜನರಲ್ಲಿ ಏಳು ಮಂದಿ.

ಆ ವಾರಗಳ ಲೆಕ್ಕವನ್ನು ಇನ್ನೊಮ್ಮೆ ಓದಿ. ಪ್ಲೇಟು ಹಾಕಿದ ಮೂಳೆಗೂ ಹೆಚ್ಚುಕಡಿಮೆ ನಾಲ್ಕು ತಿಂಗಳು, ಸರಿದು ನಿಂತು ತಾನಾಗಿ ಕೂಡುವ ಮೂಳೆಗೆ ಆರು ತಿಂಗಳ ಮೇಲೆ. ಕೆಲಸಕ್ಕೆ ಸಾಕಾಗುವ ಗಟ್ಟಿತನ ಎಕ್ಸ್-ರೇಯಲ್ಲಿ ಎಲ್ಲ ಸ್ಪಷ್ಟವಾಗುವ ಮೊದಲೇ ಬಂದಿರುತ್ತದೆ ಎಂಬುದು ನಿಜ, ಹಾಗಾಗಿಯೇ ಡಾಕ್ಟರು ಎರಡು ಮೂರು ತಿಂಗಳಿಗೆ ಸವಾರಿಗೆ ಒಪ್ಪುವುದು. ಆದರೆ ನಾಲ್ಕನೇ ವಾರದಲ್ಲಿ ಅಲ್ಲಿರುವುದು ಏನು? ಮುರಿದ ದಿನ ಕಟ್ಟಿದ ರಕ್ತದ ಗಡ್ಡೆಯ ಜಾಗದಲ್ಲಿ ಎರಡು ಮೂರು ವಾರಕ್ಕೆ ಮೆದು ಅಂಟಿನಂಥ ಮೃದ್ವಸ್ಥಿ ಬೆಳೆದು ತುಂಡುಗಳನ್ನು ಹಿಡಿದುಕೊಳ್ಳುತ್ತದೆ. ತುದಿಗಳು ಒಂದಕ್ಕೊಂದು ಉಜ್ಜುವುದು ನಿಂತ ಕೂಡಲೇ ನೋವೂ ನಿಲ್ಲುತ್ತದೆ. ಅದಕ್ಕೆ ಸುಣ್ಣದಂಶ ಕೂಡಿ ಗಟ್ಟಿ ಗಂಟಾಗುವುದು ಆಮೇಲಿನ ವಾರಗಳಲ್ಲಿ. ಗಂಟು ಕರಗಿ ಮೂಳೆ ತನ್ನ ಮೊದಲಿನ ರೂಪಕ್ಕೆ ಬರುವ ಕೆಲಸ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ನೋವು ನಿಂತದ್ದು ಮೆದು ಅಂಟಿನಿಂದ. ಅದರ ಮೇಲೆ ಮೈಭಾರ ಹಾಕಿದರೆ ಬಾಗುತ್ತದೆ, ಮತ್ತೆ ಬಿದ್ದರೆ ಬಿಟ್ಟುಕೊಳ್ಳುತ್ತದೆ.

ಹಾಗಾದರೆ ಎಲ್ಲರೂ ಪ್ಲೇಟು ಹಾಕಿಸಿಕೊಳ್ಳಬೇಕೇ? ಬೇಡ. ತುಂಡುಗಳು ಹೆಚ್ಚು ಸರಿಯದ ಮುರಿತಕ್ಕೆ ಸ್ಲಿಂಗೇ ಸಾಕು. ಚರ್ಮ ಹರಿದು ಮೂಳೆ ಹೊರಬಂದಿದ್ದರೆ, ನರಕ್ಕೆ ರಕ್ತನಾಳಕ್ಕೆ ಪೆಟ್ಟಾಗಿದ್ದರೆ, ಚೂರುಚೂರಾಗಿದ್ದರೆ, ಮೂಳೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗಿದ್ದರೆ ಆಪರೇಷನ್ನಿನ ಮಾತು ಬರುತ್ತದೆ. ವರ್ಷ ಕಳೆದ ಮೇಲೆ ತೋಳಿನ ಕೆಲಸದಲ್ಲಿ ಎರಡೂ ಗುಂಪಿಗೆ ಅಂಥ ವ್ಯತ್ಯಾಸ ಉಳಿಯುವುದಿಲ್ಲ ಎಂದು ಆಮೇಲಿನ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು ಹೇಳಿದ್ದಾರೆ. ಪ್ಲೇಟಿನಿಂದ ಮೂಳೆ ಕೂಡದೆ ಉಳಿಯುವ ಅಪಾಯ ತಗ್ಗುತ್ತದೆ, ಬೇಗ ಕೈ ಆಡಿಸಬಹುದು. ಬದಲಿಗೆ ಸೋಂಕಿನ ಸಣ್ಣ ಅಪಾಯ, ಗಾಯದ ಕೆಳಗೆ ಎದೆಯ ಮೇಲ್ಭಾಗದಲ್ಲಿ ಉಳಿಯುವ ಜೋಮು, ಬ್ಯಾಗಿನ ಪಟ್ಟಿ ತಗಲಿದಾಗಲೆಲ್ಲ ಕಿರಿಕಿರಿ, ಮುಂದೆ ತೆಗೆಸುವ ಇನ್ನೊಂದು ಆಪರೇಷನ್ ಇವೆಲ್ಲ ಬರುತ್ತವೆ. ಮೆಡಿಕಲ್ ಶಾಪಿನಲ್ಲಿ ಸಿಗುವ, ಎರಡೂ ಕಂಕುಳಿನಿಂದ ಹಾಯ್ದು ಬೆನ್ನ ಮೇಲೆ ಎಂಟರಂತೆ ಬಿಗಿಯುವ ಬೆಲ್ಟಿನ ಬಗ್ಗೆಯೂ ಒಂದು ಮಾತು: ಸಾದಾ ಸ್ಲಿಂಗಿಗಿಂತ ಅದರಿಂದ ಮೂಳೆ ಚೆನ್ನಾಗಿ ಕೂಡುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ, ಹಿಂಸೆ ಮಾತ್ರ ಜಾಸ್ತಿ.

ನಮ್ಮಲ್ಲಿ ಮೂಳೆ ಮುರಿದವರನ್ನು ನೇರವಾಗಿ ಪುತ್ತೂರಿಗೆ ಕರೆದೊಯ್ಯುವ ರೂಢಿ ಇನ್ನೂ ಇದೆ. ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು. ಅಲ್ಲಿನ ಕಟ್ಟು ಬೆಂಗಳೂರು, ಕೋಲಾರದ ಕಡೆ ಮನೆಮಾತು. ಊರೂರಲ್ಲೂ ಎಲುಬು ಕಟ್ಟುವ ನಾಟಿ ವೈದ್ಯರಿದ್ದಾರೆ. ಅವರಲ್ಲಿ ಪಳಗಿದ ಕೈಗಳಿವೆ, ಬಡವರಿಗೆ ಅವರು ಆಸರೆಯಾಗಿದ್ದಾರೆ, ಅದನ್ನು ಹಗುರ ಮಾಡಲಾರೆ. ಆದರೆ ಸರಿಯದ ಕಾಲರ್ ಬೋನ್ ಯಾರು ಕಟ್ಟಿದರೂ, ಹೇಗೆ ಕಟ್ಟಿದರೂ ಬಹುಪಾಲು ಕೂಡಿಕೊಳ್ಳುತ್ತದೆ. ಕಟ್ಟಿನ ಹೆಸರು ಬೆಳೆಯಲು ಇದೂ ಒಂದು ಕಾರಣ ಎಂದು ನನಗನಿಸುತ್ತದೆ. ಎಕ್ಸ್-ರೇ ತೆಗೆಸದೆ ಹೋಗಬೇಡಿ. ಮುರಿದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಲು ಬಿಡಬೇಡಿ, ಕಂಕುಳಲ್ಲಿ ಬಿಗಿಯಾಗಿ ಬಟ್ಟೆ ತುರುಕಿ ಕಟ್ಟಿಸಿಕೊಳ್ಳಬೇಡಿ. ಕಟ್ಟಿದ ಮೇಲೆ ಬೆರಳು ಊದಿ ನೀಲಿಗಟ್ಟಿದರೆ ಆ ಕ್ಷಣವೇ ಬಿಚ್ಚಿಸಿ.

ಮೊದಲ ಎರಡು ಮೂರು ವಾರ ಸ್ಲಿಂಗಿನ ವಾರಗಳು. ನನ್ನದೂ ಎಡಗಡೆಯದು ಒಮ್ಮೆ ಮುರಿದಿದೆ, ಹಾಗಾಗಿ ಪುಸ್ತಕದಲ್ಲಿ ಕಡಿಮೆ ಸಿಗುವ ಒಂದೆರಡು ಸಂಗತಿ ಹೇಳುತ್ತೇನೆ. ತಲೆಯ ಮೇಲಿಂದ ಹಾಕುವ ಬನಿಯನ್, ಟೀ ಶರ್ಟು ಪಕ್ಕಕ್ಕಿಡಿ, ಗುಂಡಿಯ ಸಡಿಲ ಅಂಗಿ ತೆಗೆಯಿರಿ. ತೊಡುವಾಗ ಮುರಿದ ಕೈ ಮೊದಲು ತೋಳಿಗೆ ಹೋಗಬೇಕು: ಮಂಚದ ಅಂಚಿಗೆ ಕೂತು, ಮುಂದಕ್ಕೆ ಬಾಗಿ, ಆ ಕೈಯನ್ನು ತೊಡೆಗಳ ನಡುವೆ ಜೋತು ಬಿಟ್ಟು, ಇನ್ನೊಂದು ಕೈಯಿಂದ ತೋಳನ್ನು ಭುಜದವರೆಗೆ ಎಳೆದುಕೊಳ್ಳಬೇಕು. ಬಿಚ್ಚುವಾಗ ಅದೇ ಕೈ ಕೊನೆಗೆ. ಚಪ್ಪಟೆಯಾಗಿ ಮಲಗಿದರೆ ಏಳುವಾಗ ಒಳಗೆ ಕರಕರ ಎನ್ನುತ್ತದೆ. ಬೆನ್ನಿಗೆ ದಿಂಬು ಪೇರಿಸಿ ಅರೆ ಕೂತಂತೆ, ಇಲ್ಲವೇ ಆರಾಮ ಕುರ್ಚಿಯಲ್ಲಿ, ಮೊಣಕೈ ಕೆಳಗೊಂದು ಸಣ್ಣ ದಿಂಬಿಟ್ಟು ಮಲಗುವುದೇ ಮೇಲು. ಮೊದಲ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸುತ್ತಿರಿ. ಸ್ಲಿಂಗು ಹೆಗಲಿಗೆ ಮಾತ್ರ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಮುದ್ದೆ, ಹಾಲು ಮೊಸರು, ಬೇಳೆ, ಮೊಟ್ಟೆ ತಿನ್ನುವ ಮನೆಯವರು ಹೆಚ್ಚಿಗೆ ಚಿಂತೆ ಮಾಡಬೇಕಿಲ್ಲ. ವಿಟಮಿನ್ ಡಿ ಕಡಿಮೆಯಿದೆಯೇ ಎಂದು ಪರೀಕ್ಷೆ ಮಾಡಿಸಿ, ಇದ್ದರೆ ಡಾಕ್ಟರು ಹೇಳಿದ ಮಾತ್ರೆ ತಗೊಳ್ಳಿ. ಬೀಡಿ ಸಿಗರೇಟು ಸೇದುವವರ ಮೂಳೆ ಕೂಡದೆ ಉಳಿಯುವ ಸಂಭವ ಹೆಚ್ಚು. ಊಟಕ್ಕಿಂತ ದೊಡ್ಡ ವಿಷಯ ಅದು.

ಮೂರನೇ ವಾರದಿಂದ, ಡಾಕ್ಟರು ಹೂಂ ಅಂದ ಮೇಲೆ, ಹೆಗಲನ್ನು ಎಬ್ಬಿಸುವ ಕೆಲಸ. ಒಳ್ಳೆಯ ಕೈಯನ್ನು ಮೇಜಿನ ಮೇಲೂರಿ ಸೊಂಟದಿಂದ ಬಾಗಿ, ಮುರಿದ ಕಡೆಯ ತೋಳನ್ನು ನೇರ ಕೆಳಗೆ ಜೋತು ಬಿಡಿ. ತೋಳನ್ನು ನೀವು ಆಡಿಸಬಾರದು. ಮೈಯನ್ನು ಹಿಂದೆ ಮುಂದೆ ತೂಗಿದರೆ ಅದು ತಾನಾಗಿ ಲೋಲಕದ ಹಾಗೆ ಆಡಬೇಕು. ಆಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸುವುದು, ಎರಡೂ ಕೈಯಲ್ಲಿ ಕೋಲು ಹಿಡಿದು ಒಳ್ಳೆಯ ಕೈಯಿಂದ ಇನ್ನೊಂದನ್ನು ಎತ್ತುವುದು, ಹೆಗಲಹಲಗೆಗಳನ್ನು ಬೆನ್ನ ನಡುವಿಗೆ ಒತ್ತಿ ಹಿಡಿಯುವುದು. ಮೊದಲ ನಾಲ್ಕಾರು ವಾರ ಕೈ ಭುಜದ ಮಟ್ಟಕ್ಕಿಂತ ಮೇಲೆ ಹೋಗುವುದು ಬೇಡ, ಕಾಫಿ ಲೋಟಕ್ಕಿಂತ ಭಾರದ್ದನ್ನು ಎತ್ತುವುದೂ ಬೇಡ. ಹಾಗೆಂದು ಭಯಪಟ್ಟು ಎರಡು ತಿಂಗಳು ಸ್ಲಿಂಗಿನಲ್ಲೇ ಇಟ್ಟರೆ ಹೆಗಲು ಹಿಡಿದುಕೊಳ್ಳುತ್ತದೆ. ನಲವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಇದನ್ನು ಗಮನದಲ್ಲಿಡಬೇಕು. ಮೂಳೆ ಚೆನ್ನಾಗಿ ಕೂಡಿಯೂ ಹೆಗಲು ಹೆಪ್ಪುಗಟ್ಟಿದರೆ ಸಡಿಲವಾಗಲು ವರ್ಷದ ಮೇಲೂ ಹಿಡಿಯಬಹುದು. ಒಳ್ಳೆಯ ಫಿಸಿಯೊಥೆರಪಿಸ್ಟ್ ಒಬ್ಬರು ಈ ವಾರಗಳಲ್ಲಿ ಸಿಕ್ಕರೆ ಅದೇ ಪುಣ್ಯ.

ಮೈಸೂರಿನಲ್ಲಿ ನಮ್ಮ ಬೀದಿಗೆ ಪತ್ರಿಕೆ ಹಾಕುವ ಹುಡುಗ ಕಳೆದ ಮಳೆಗಾಲದಲ್ಲಿ ಜಾರಿ ಬಿದ್ದ. ಬಲಗಡೆಯ ಕಾಲರ್ ಬೋನ್. ನಾಲ್ಕನೇ ವಾರ ಬೆಳಿಗ್ಗೆ ಗೇಟಿನ ಹತ್ತಿರ ಸೈಕಲ್ ನಿಲ್ಲಿಸುತ್ತಿದ್ದಾನೆ, ಸ್ಲಿಂಗ್ ಇಲ್ಲ, ಕ್ಯಾರಿಯರಿನಲ್ಲಿ ಪತ್ರಿಕೆಯ ಕಟ್ಟು, ಹ್ಯಾಂಡಲಿಗೆ ಇನ್ನೊಂದು ಚೀಲ. 'ಏನಪ್ಪಾ, ಡಾಕ್ಟ್ರು ಹೂಂ ಅಂದ್ರಾ?' ಎಂದೆ. 'ನೋವೇ ಇಲ್ಲ ಸಾರ್. ಇನ್ನೂ ರಜಾ ಹಾಕಿದ್ರೆ ಲೈನ್ ಬೇರೆಯವ್ರಿಗೆ ಕೊಟ್ಬಿಡ್ತಾರೆ' ಎಂದ. ಅಂಗಿಯ ಕಾಲರ್ ಸರಿಸಿ ತೋರಿಸಿದ. ಮುರಿದ ಜಾಗದಲ್ಲಿ ಅಡಿಕೆಯಷ್ಟು ಗಂಟು ಎದ್ದಿತ್ತು. ಬಲಗೈಯಲ್ಲಿ ಆ ಚೀಲವನ್ನು ಕಾಂಪೌಂಡಿನ ಮೇಲಿಡು ನೋಡೋಣ ಎಂದೆ. ಮೊಣಕೈ ಎತ್ತಿದವನು ಅರ್ಧದಲ್ಲಿ ನಿಂತ. ಹೆಗಲು ಕಿವಿಯ ಕಡೆಗೆ ಎದ್ದು ಬಂದಿತ್ತು, ಬೆರಳು ನಡುಗುತ್ತಿತ್ತು. ಚೀಲ ಎಡಗೈಗೆ ಹೋಯಿತು.

ಅವನ ಮಾತಿಗೆ ಎದುರಾಡಲು ನನ್ನ ಹತ್ತಿರ ಏನಿತ್ತು? ಬೆಳಗಿನ ಹಾಲು, ಪತ್ರಿಕೆ, ಸೊಪ್ಪು ಮಾರುವವರಿಗೆ, ಸೈಕಲ್ಲಿನಲ್ಲೇ ಪಾರ್ಸೆಲ್ ತಲುಪಿಸುವ ಹುಡುಗರಿಗೆ ಹನ್ನೆರಡು ವಾರದ ವಿಶ್ರಾಂತಿ ಎಂದರೆ ಹನ್ನೆರಡು ವಾರದ ಸಂಬಳ. ವಿಶ್ರಾಂತಿ ತಗೋ ಎಂದು ಹೇಳಿ ಒಳಗೆ ಬಂದರೆ ಅದು ಪೊಳ್ಳು ಮಾತು. ಕೊನೆಗೆ ಬೀದಿಯ ಕೆಲವರು ಸೇರಿ ಏಜೆಂಟರ ಹತ್ತಿರ ಮಾತಾಡಿದೆವು. ಲೈನ್ ಅವನ ಹೆಸರಿನಲ್ಲೇ ಉಳಿಯಿತು, ದೂರದ ಬೀದಿಗಳನ್ನು ಅವನ ಗೆಳೆಯ ನೋಡಿಕೊಂಡ, ಹತ್ತಿರದವನ್ನು ಇವನು ಚೀಲ ಎಡಹೆಗಲಿಗೆ ಹಾಕಿಕೊಂಡು ನಡೆದೇ ಮುಗಿಸಿದ. ಡಾಕ್ಟರು ಎಕ್ಸ್-ರೇ ನೋಡಿ ಒಪ್ಪಿದ ಮೇಲೆ ಸೈಕಲ್. ನಿಮ್ಮ ಬೀದಿಯಲ್ಲೂ ಇಂಥವರಿದ್ದರೆ ಎರಡು ತಿಂಗಳ ಮಟ್ಟಿಗೆ ಇಷ್ಟು ಏರ್ಪಾಡು ಕಷ್ಟವೇನಲ್ಲ, ದಯವಿಟ್ಟು ಮಾಡಿ.

'ದೊಡ್ಡ ದೊಡ್ಡ ಸವಾರರು ಎರಡು ಮೂರು ವಾರಕ್ಕೇ ಸೈಕಲ್ ಹತ್ತುತ್ತಾರಲ್ಲ' ಎಂದು ಬೆಂಗಳೂರಿನಲ್ಲಿ ಬ್ರೆವೆ ಎಂಬ ದೂರದ ಸವಾರಿಗೆ ಹೋಗುವವರು, ವಿಜಯಪುರ ಬಾಗಲಕೋಟೆ ಕಡೆಯ ರೇಸಿನ ಹುಡುಗರು ಕೇಳುತ್ತಾರೆ. ಅವರು ಹೆಸರಿಸುವುದು ಟೈಲರ್ ಹ್ಯಾಮಿಲ್ಟನ್‌ನನ್ನು. 2003ರ ಟೂರ್ ಡಿ ಫ್ರಾನ್ಸ್‌ನ ಮೊದಲ ಹಂತದಲ್ಲೇ ಬಿದ್ದು ಕಾಲರ್ ಬೋನ್ ಮುರಿದುಕೊಂಡರೂ ಆತ ಬಿಡದೆ ಓಡಿಸಿ, ಬಯೋನ್ ಊರಿಗೆ ತಲುಪುವ ಹದಿನಾರನೇ ಹಂತವನ್ನು ಒಂಟಿಯಾಗಿ ಗೆದ್ದು, ಒಟ್ಟಾರೆ ನಾಲ್ಕನೆಯವನಾದ. ಆದರೆ ಅದು ಜಾಗ ಬಿಟ್ಟು ಸರಿಯದ ಬಿರುಕಾಗಿತ್ತು. ಆ ವರ್ಷಗಳಲ್ಲಿ ಉದ್ದೀಪನ ಮದ್ದು ಬಳಸಿದ್ದನ್ನು ಆತನೇ ಆಮೇಲೆ ಒಪ್ಪಿಕೊಂಡಿದ್ದಾನೆ. ಆ ಕತೆಯನ್ನು ಯಾವ ಕೋಚೂ ಯಾವ ಹುಡುಗನಿಗೂ ಮಾದರಿಯಾಗಿ ಹೇಳಬಾರದು.

ಹೇಳುವುದಿದ್ದರೆ 2024ರ ವಸಂತದ್ದನ್ನು ಹೇಳಿ. ಏಪ್ರಿಲ್ 4ರಂದು ಸ್ಪೇನಿನ ಬಾಸ್ಕ್ ಸೀಮೆಯ ರೇಸಿನಲ್ಲಿ ಇಳಿಜಾರಿನ ತಿರುವೊಂದರಲ್ಲಿ ಹಲವರು ಒಟ್ಟಿಗೆ ಬಿದ್ದರು. ಡೆನ್ಮಾರ್ಕಿನ ಯೋನಸ್ ವಿಂಗೆಗೋರ್‌ಗೆ ಕಾಲರ್ ಬೋನ್, ಪಕ್ಕೆಲುಬುಗಳು ಮುರಿದು ಶ್ವಾಸಕೋಶ ಕುಸಿಯಿತು. ಬೆಲ್ಜಿಯಂನ ರೆಮ್ಕೊ ಎವನಪೂಲ್‌ಗೆ ಕಾಲರ್ ಬೋನ್, ಹೆಗಲಹಲಗೆ ಎರಡೂ ಮುರಿದವು. ಎವನಪೂಲ್ ಮತ್ತೆ ರೇಸಿಗೆ ಬಂದದ್ದು ಜೂನ್ ಆರಂಭದಲ್ಲಿ, ಎಂಟು ವಾರ ಕಳೆದ ಮೇಲೆ. ವಿಂಗೆಗೋರ್ ಬಂದದ್ದು ಜೂನ್ 29ರಂದು ಟೂರ್ ಶುರುವಾದ ದಿನ, ಹನ್ನೆರಡು ವಾರ ಕಳೆದು. ವಿಂಗೆಗೋರ್ ಎರಡನೆಯವನಾಗಿ, ಎವನಪೂಲ್ ಮೂರನೆಯವನಾಗಿ ಮುಗಿಸಿದರು. ಹಗಲಿರುಳು ಡಾಕ್ಟರು, ಫಿಸಿಯೊ, ಅಡಿಗೆಯವರು ಜೊತೆಗಿರುವ, ಚೇತರಿಸಿಕೊಳ್ಳುವುದೇ ನೌಕರಿಯಾದ ಇಪ್ಪತ್ತರ ಹರೆಯದವರಿಗೆ ಹಿಡಿದದ್ದು ಇಷ್ಟು ವಾರ. ಮಾರ್ಕ್ ಕ್ಯಾವೆಂಡಿಶ್ ಇನ್ನೂ ತಾಳ್ಮೆಯ ಉದಾಹರಣೆ. 2023ರ ಟೂರ್‌ನ ಎಂಟನೇ ಹಂತದಲ್ಲಿ ಕಾಲರ್ ಬೋನ್ ಮುರಿದುಕೊಂಡಾಗ ಅದೇ ತನ್ನ ಕೊನೆಯ ಟೂರ್ ಎಂದು ಮೊದಲೇ ಘೋಷಿಸಿಯಾಗಿತ್ತು. ನಿವೃತ್ತಿ ಮುಂದೂಡಿ, ಒಂದು ವರ್ಷ ಕಾದು, 39ರ ವಯಸ್ಸಿನಲ್ಲಿ 2024ರ ಜುಲೈ 3ರಂದು ಸೇಂಟ್ ವುಲ್ಬಾಸ್‌ನಲ್ಲಿ ಟೂರ್ ಹಂತಗಳಲ್ಲಿ ತನ್ನ 35ನೇ ಗೆಲುವು ಪಡೆದು ಎಡಿ ಮರ್ಕ್ಸ್‌ನ 34ರ ದಾಖಲೆ ದಾಟಿದ.

ನಡುವಿನ ವಾರಗಳಲ್ಲಿ ಕಾಲುಗಳನ್ನು ಸುಮ್ಮನೆ ಕೂರಿಸಬೇಕಿಲ್ಲ. ನಡಿಗೆ ಮೊದಲ ವಾರದಿಂದಲೇ ಆಗುತ್ತದೆ. ಜಿಮ್ಮಿನ ನಿಂತ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗಿಟ್ಟು, ಮುರಿದ ಕೈಯನ್ನು ಸ್ಲಿಂಗಿನಲ್ಲೇ ಬಿಟ್ಟು ಪೆಡಲ್ ಮಾಡಬಹುದು. ಆಪರೇಷನ್ ಆಗಿದ್ದರೆ ಹೊಲಿಗೆ ಬಿಚ್ಚಿ ಗಾಯ ಒಣಗಿರಬೇಕು, ಬೆವರು ಅದಕ್ಕೆ ಒಳ್ಳೆಯದಲ್ಲ. ಟ್ರೇನರಿಗೆ ಸಿಕ್ಕಿಸಿದ ರೇಸ್ ಸೈಕಲ್ಲಿನಲ್ಲಿ ಮಾತ್ರ ಎಚ್ಚರ ಬೇಕು. ಅದು ಬೀಳದಿರಬಹುದು, ಆದರೆ ಮುಂದಕ್ಕೆ ಬಾಗಿದಷ್ಟೂ ಮೈಭಾರ ಅಂಗೈಯಿಂದ ತೋಳಿಗೆ, ತೋಳಿನಿಂದ ಆ ಒಂದೇ ಮೂಳೆಗೆ ಏರುತ್ತದೆ.

ರಸ್ತೆಗಿಳಿಯುವ ದಿನವನ್ನು ಕ್ಯಾಲೆಂಡರ್ ಒಂದೇ ತೀರ್ಮಾನಿಸಬಾರದು. ಗಂಟನ್ನು ಗಟ್ಟಿಯಾಗಿ ಒತ್ತಿದಾಗ ನೋವಿರಬಾರದು, ಎಕ್ಸ್-ರೇಯಲ್ಲಿ ಮುರಿತದ ಮೇಲೆ ಹೊಸ ಮೂಳೆಯ ಸೇತುವೆ ಕಾಣಬೇಕು, ಎರಡೂ ತೋಳು ಸಮನಾಗಿ ಕಿವಿಯ ಪಕ್ಕಕ್ಕೆ ಏರಬೇಕು. ಆಮೇಲೆ ಮನೆಯಲ್ಲೇ ನೋಡಿಕೊಳ್ಳುವ ಪರೀಕ್ಷೆ: ಗೋಡೆಗೆ, ನಂತರ ಮೇಜಿಗೆ, ನಂತರ ನೆಲಕ್ಕೆ ಅಂಗೈ ಊರಿ ಮೈಭಾರ ಹಿಡಿಯಲು ಬರುತ್ತದೆಯೇ? ಸೈಕಲ್ಲನ್ನು ಎತ್ತಿ ನಾಲ್ಕು ಮೆಟ್ಟಿಲು ಹತ್ತಬಹುದೇ? ಹೆಗಲ ಮೇಲಿಂದ ಹಿಂತಿರುಗಿ ಬರುವ ಬಸ್ಸನ್ನು ನೋಡಬಹುದೇ? ಎರಡೂ ಬ್ರೇಕನ್ನು ಬಲವಾಗಿ ಹಿಂಡಿ ಮೈಯನ್ನು ಹಿಂದಕ್ಕೆ ಸರಿಸಲು ಆಗುತ್ತದೆಯೇ? ಇದರಲ್ಲಿ ಒಂದಕ್ಕೆ ಇಲ್ಲ ಎಂದಾದರೂ ಇನ್ನೊಂದು ವಾರ ಕಾಯಿರಿ. ಗುಡ್ಡದ ಕಲ್ಲುದಾರಿಯ ಸವಾರಿಗೆ, ಗುಂಪಿನ ರೇಸಿಗೆ ಮೂರು ತಿಂಗಳ ಮುಂಚೆ ಹೋಗಲೇಬೇಡಿ. 200 ಕಿಲೋಮೀಟರಿನ ಬ್ರೆವೆಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಅಷ್ಟು ಹೊತ್ತು ಹ್ಯಾಂಡಲಿನ ಮೇಲೆ ಕೈಯೂರುವ ಹೆಗಲು ಮೊದಲು ತಯಾರಾಗಬೇಕು.

ಸೈಕಲ್ಲೂ ಬಿದ್ದಿದೆ ಎಂಬುದನ್ನು ಮರೆಯಬೇಡಿ. ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ, ಒಳಗಿನ ಫೋಮು ಒಂದೇ ಪೆಟ್ಟಿಗೆ ಮಾಡಿದ್ದು. ಫೋರ್ಕಿನಲ್ಲಿ, ಕಾರ್ಬನ್ ಹ್ಯಾಂಡಲಿನಲ್ಲಿ ಕೂದಲೆಳೆಯ ಬಿರುಕಿದೆಯೇ, ಹಿಂದಿನ ಗೇರಿನ ಹ್ಯಾಂಗರ್ ಬಾಗಿದೆಯೇ, ಗಾಲಿ ಓಲಾಡುತ್ತಿದೆಯೇ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸಿ. ಯಾವ ಲಿವರ್ ಮುಂದಿನ ಬ್ರೇಕಿನದು ಎಂದು ಕೈಯಾರೆ ಒತ್ತಿ ಮನದಟ್ಟು ಮಾಡಿಕೊಳ್ಳಿ. ಹ್ಯಾಂಡಲನ್ನು ಸ್ವಲ್ಪ ಎತ್ತರಿಸಿ, ಸಾಧ್ಯವಾದರೆ ಅಗಲದ ಟೈರ್ ಹಾಕಿ, ಗಾಳಿ ತುಸು ಕಡಿಮೆ ಇರಲಿ, ಬೆನ್ನಿನ ಬ್ಯಾಗು ಕ್ಯಾರಿಯರಿಗೆ ಹೋಗಲಿ. ಮೊದಲ ಸವಾರಿಗಳು ಭಾನುವಾರ ಬೆಳಗಿನ ಖಾಲಿ ರಸ್ತೆಯಲ್ಲಿ, ಒಣಗಿದ ದಿನದಲ್ಲಿ, ಗೊತ್ತಿರುವ ದಾರಿಯಲ್ಲಿ, ಒಬ್ಬರು ಜೊತೆಗಿರುವಾಗ ಆಗಲಿ.

ಭಯ ಇರುತ್ತದೆ. ಇಳಿಜಾರಿನಲ್ಲಿ ಕೈ ತಾನಾಗಿ ಬಿಗಿಯುತ್ತದೆ, ಮೊಣಕೈ ಸೆಟೆಯುತ್ತದೆ. ಸೆಟೆದ ತೋಳು ಪ್ರತಿ ಹಂಪಿನ ಪೆಟ್ಟನ್ನೂ ನೇರ ಹೆಗಲಿಗೆ ದಾಟಿಸುವುದರಿಂದ ಮೊಣಕೈ ಬಾಗಿಸಿಡುವುದನ್ನು ನಿಧಾನದ ವೇಗದಲ್ಲೇ ಮತ್ತೆ ರೂಢಿ ಮಾಡಿಕೊಳ್ಳಬೇಕು. ಎಲ್ಲವೂ ಸವಾರನ ಕೈಯಲ್ಲಿಲ್ಲ ಎಂಬುದೂ ನಿಜ. ಅದೇ ಎವನಪೂಲ್ 2024ರ ಡಿಸೆಂಬರಿನಲ್ಲಿ ತನ್ನ ಊರಿನ ಕಡೆ ಅಭ್ಯಾಸ ಮಾಡುತ್ತಿದ್ದಾಗ ಅಂಚೆ ವ್ಯಾನಿನ ತೆರೆದ ಬಾಗಿಲಿಗೆ ಬಡಿದು ಮತ್ತೆ ಹೆಗಲು, ಪಕ್ಕೆಲುಬು, ಕೈ ಮುರಿದುಕೊಂಡ. ರೇಸಿಗೆ ಮರಳಿದ್ದು ಏಪ್ರಿಲ್ ಮಧ್ಯದಲ್ಲಿ. ಕಾರು ಓಡಿಸುವವರು ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆಗೆದರೆ ಮೈ ತಿರುಗಿ ಕಣ್ಣು ತಾನಾಗಿ ಹಿಂದಿನ ರಸ್ತೆಗೆ ಹೋಗುತ್ತದೆ. ಎಡಗಡೆ ಇಳಿಯುವವರು ಬಲಗೈಯಿಂದ ತೆಗೆಯಲಿ. ಇದಕ್ಕೆ ಖರ್ಚೇನೂ ಇಲ್ಲ.

ಪ್ಲೇಟು ಹಾಕಿಸಿಕೊಂಡವರು ಕೊನೆಗೆ ಕೇಳುವ ಪ್ರಶ್ನೆ ಅದನ್ನು ತೆಗೆಸಬೇಕೇ ಎಂಬುದು. ಚುಚ್ಚದಿದ್ದರೆ, ಅಂಗಿಯ ಕಾಲರಿಗೆ ಬ್ಯಾಗಿನ ಪಟ್ಟಿಗೆ ಅಡ್ಡವಾಗದಿದ್ದರೆ ಹಾಗೇ ಇರಬಹುದು. ಪ್ಲೇಟಿನ ಮೇಲೇ ಮತ್ತೆ ಬಿದ್ದರೆ ಅದು ಬಾಗುವುದೋ ಅದರ ತುದಿಯಲ್ಲಿ ಮೂಳೆ ಮುರಿಯುವುದೋ ಆಗಬಹುದು, ಆ ರಿಪೇರಿ ಮೊದಲಿನದಕ್ಕಿಂತ ಕಷ್ಟ. ತೆಗೆಸುವುದಾದರೆ ಮೂಳೆ ಪೂರ್ತಿ ಕೂಡಿ, ಸಾಮಾನ್ಯವಾಗಿ ವರ್ಷವೋ ಒಂದೂವರೆ ವರ್ಷವೋ ಕಳೆದ ಮೇಲೆ. ಸಣ್ಣ ಆಪರೇಷನ್, ಕೆಲವು ದಿನಕ್ಕೆ ನೋವು ಇಳಿಯುತ್ತದೆ. ಆದರೆ ಸ್ಕ್ರೂ ಇದ್ದ ತೂತುಗಳು ತುಂಬುವವರೆಗೆ ಮೂಳೆ ಅಲ್ಲೆಲ್ಲ ದುರ್ಬಲ, ಹಾಗಾಗಿ ಬೀಳುವ ಅಪಾಯವಿರುವ ಸವಾರಿಯನ್ನು ಇನ್ನೂ ಕೆಲವು ವಾರ ಬಿಡಬೇಕಾಗುತ್ತದೆ. ನಮ್ಮ ಕಡೆ ಅದಕ್ಕೆ ಜೂನ್ ಒಳ್ಳೆಯ ತಿಂಗಳು. ಮಳೆಗಾಲದಲ್ಲಿ ಹೇಗೂ ರಸ್ತೆ ಜಾರುತ್ತಿರುತ್ತದೆ, ಗುಂಡಿಗಳ ಆಳ ಕಾಣುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ರಸ್ತೆಯೂ ಒಣಗುತ್ತ ಬರುತ್ತದೆ, ತೂತುಗಳೂ ತುಂಬುತ್ತ ಬಂದಿರುತ್ತವೆ.